ಬೆಂಗಳೂರಿನಲ್ಲಿ ಎರಡು ಫ್ಲ್ಯಾಟುಗಳ ನಡುವೆ ಆಯ್ಕೆ: ಕಾಸರಗೋಡಿನಿಂದ ಹೋಗಿ ನೋಡಿದವರ ಲೆಕ್ಕ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರದ ಕಡೆಯ ಕನ್ನಡ ಮನೆಗಳಲ್ಲಿ ಒಬ್ಬ ಮಗನೋ ಮಗಳೋ ಬೆಂಗಳೂರಿನಲ್ಲಿ ನೆಲೆಸಿರುವುದು ಈಗ ಸಾಮಾನ್ಯ ಸಂಗತಿ. ಅವರು ಕೆಲವು ವರ್ಷ ಬಾಡಿಗೆ ಮನೆಯಲ್ಲಿದ್ದು, ಮಕ್ಕಳ ಶಾಲೆಯ ಯೋಚನೆ ಬಂದಾಗ ಸ್ವಂತ ಫ್ಲ್ಯಾಟ್ ಹುಡುಕಲು ತೊಡಗುತ್ತಾರೆ. ಆಗ ಊರಿನ ತೋಟದ ಒಂದು ಪಾಲನ್ನು ಮಾರಿದ ಹಣವೋ, ಅಪ್ಪನ ನಿವೃತ್ತಿಯ ಹಣವೋ ಅದಕ್ಕೆ ಸೇರುತ್ತದೆ. ನಮ್ಮ ಮನೆಯಲ್ಲೂ ಹೀಗೆಯೇ ಆಯಿತು. ಮಗಳೂ ಅಳಿಯನೂ ಹತ್ತಾರು ಫ್ಲ್ಯಾಟುಗಳನ್ನು ನೋಡಿ, ಕೊನೆಗೆ ಎರಡನ್ನು ಉಳಿಸಿಕೊಂಡು, “ಅಪ್ಪ, ಇನ್ನು ನಮಗೆ ತಲೆ ಓಡುವುದಿಲ್ಲ, ನೀವೊಮ್ಮೆ ಬಂದು ನೋಡಿ” ಎಂದು ಫೋನ್ ಮಾಡಿದರು. ನಾನು ಹೋಗಿ ಹನ್ನೊಂದು ದಿನ ಅಲ್ಲಿದ್ದು, ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ನೋಡಿ, ಕಾಗದ ಓದಿ, ಲೆಕ್ಕ ಹಾಕಿದೆ. ಊರಿನ ಬೇರೆ ಕುಟುಂಬಗಳಿಗೂ ಇದರಿಂದ ಉಪಯೋಗವಾದೀತು ಎಂಬ ಆಸೆಯಿಂದ ಆ ಲೆಕ್ಕವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲನೆಯದು ಜೆ.ಪಿ. ನಗರದಲ್ಲಿ, ಯಲಚೇನಹಳ್ಳಿ ಮೆಟ್ರೊ ನಿಲ್ದಾಣದಿಂದ ಹದಿನೈದು ನಿಮಿಷ ನಡೆಯುವಷ್ಟು ದೂರದಲ್ಲಿರುವ, ಹದಿನಾಲ್ಕು ವರ್ಷ ಹಳೆಯ ಕಟ್ಟಡದ ಮೂರನೆಯ ಮಹಡಿಯ ಫ್ಲ್ಯಾಟ್. ಒಟ್ಟು ಹದಿನಾರು ಮನೆಗಳು, ಒಂದು ಸಣ್ಣ ಲಿಫ್ಟ್, ಕೆಳಗೆ ಕಾರು ನಿಲ್ಲಿಸುವ ಜಾಗ. ಮಾಲಕರು ಹೇಳಿದ ಅಳತೆ 1,180 ಚದರ ಅಡಿ, ಮಾತುಕತೆಯ ಬಳಿಕ ನಿಂತ ಬೆಲೆ 86 ಲಕ್ಷ ರೂಪಾಯಿ. ಎರಡನೆಯದು ಕನಕಪುರ ರಸ್ತೆಯಲ್ಲಿ ತಲಘಟ್ಟಪುರ ದಾಟಿ, ಮುಖ್ಯರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ ಕಟ್ಟುತ್ತಿರುವ ಹದಿನೆಂಟು ಮಹಡಿಗಳ ಸಮುಚ್ಚಯದ ಹನ್ನೊಂದನೆಯ ಮಹಡಿಯ ಫ್ಲ್ಯಾಟ್. ಅದರ ಅಳತೆ 1,250 ಚದರ ಅಡಿ, ಬೆಲೆ 90 ಲಕ್ಷ. ಈಜುಕೊಳ, ವ್ಯಾಯಾಮ ಶಾಲೆ, ಮಕ್ಕಳ ಆಟದ ಜಾಗ ಎಲ್ಲವೂ ಬರಲಿವೆ. ಈ ಅಂಕಿಗಳನ್ನು ಭಾಗಿಸಿ ನೋಡಿದರೆ ಹಳೆಯದಕ್ಕೆ ಚದರ ಅಡಿಗೆ ಸುಮಾರು 7,290 ರೂಪಾಯಿ, ಹೊಸದಕ್ಕೆ 7,200. ಹೊಸ ಮನೆಯೇ ಅಗ್ಗ ಎಂದು ಅಳಿಯ ನಂಬಿದ್ದು ಇದೇ ಲೆಕ್ಕದಿಂದ. ನಾನೂ ಮೊದಲ ದಿನ ಹಾಗೆಯೇ ತಿಳಿದಿದ್ದೆ.

ಎರಡನ್ನೂ ಒಂದೇ ಅಳತೆಯಲ್ಲಿ ಅಳೆಯುವುದು

ಮಾರುವವರು ಹೇಳುವ ಚದರ ಅಡಿ ಬಹುತೇಕ ‘ಸೂಪರ್ ಬಿಲ್ಟ್‌ಅಪ್’ ಅಳತೆ. ಅದರಲ್ಲಿ ಮನೆಯ ಹೊರಗೋಡೆ, ಬಾಲ್ಕನಿ ಮಾತ್ರವಲ್ಲದೆ ಮೆಟ್ಟಿಲು, ಲಿಫ್ಟ್, ಓಣಿ, ಕ್ಲಬ್ ಹೌಸ್‌ಗಳ ಪಾಲೂ ಸೇರಿರುತ್ತದೆ. ಕಟ್ಟಡ ಕಟ್ಟಿ ಮಾರುವವರನ್ನು ನಿಯಂತ್ರಿಸುವ 2016ರ ರೇರಾ ಕಾಯಿದೆ ‘ಕಾರ್ಪೆಟ್ ಏರಿಯಾ’ ಎಂಬುದಕ್ಕೆ ಸ್ಪಷ್ಟವಾದ ಅರ್ಥ ಕೊಟ್ಟಿದೆ: ಮನೆಯೊಳಗೆ ಬಳಸಲು ಸಿಗುವ ನೆಲ ಮತ್ತು ಕೋಣೆಗಳ ನಡುವಿನ ಗೋಡೆಗಳು ಅದರಲ್ಲಿ ಸೇರುತ್ತವೆ, ಹೊರಗೋಡೆ, ಬಾಲ್ಕನಿ, ಪೈಪು ಹೋಗುವ ಕಿಂಡಿಗಳು ಸೇರುವುದಿಲ್ಲ. ಹೊಸ ಸಮುಚ್ಚಯಕ್ಕೆ ರೇರಾದಲ್ಲಿ ಘೋಷಿಸಿದ ಕಾರ್ಪೆಟ್ ಅಳತೆ 860 ಚದರ ಅಡಿ ಎಂದಿತ್ತು. ಹಳೆಯ ಫ್ಲ್ಯಾಟಿಗೆ ಅಂತಹ ಘೋಷಣೆ ಇಲ್ಲದ ಕಾರಣ ನಾನೂ ಮಗಳೂ ಟೇಪ್ ಹಿಡಿದು ಕೋಣೆ ಕೋಣೆ ಅಳೆದೆವು. ಒಳಗಿನ ಗೋಡೆಗಳನ್ನು ಸೇರಿಸಿ 905 ಚದರ ಅಡಿ ಬಂತು. ಕಾಗದದಲ್ಲಿ 70 ಚದರ ಅಡಿ ಚಿಕ್ಕದಾಗಿದ್ದ ಮನೆ ಬಳಕೆಗೆ 45 ಚದರ ಅಡಿ ದೊಡ್ಡದಾಗಿತ್ತು.

ಮಾದರಿ ಫ್ಲ್ಯಾಟ್ ನೋಡುವಾಗಲೂ ಟೇಪ್ ಕೈಯಲ್ಲಿರಬೇಕು. ಕನಕಪುರ ರಸ್ತೆಯ ಆ ಮಾದರಿ ಮನೆಯ ಮಲಗುವ ಕೋಣೆ ಬಹಳ ವಿಶಾಲವಾಗಿ ಕಂಡಿತು. ಮಂಚಕ್ಕೆ ಟೇಪ್ ಹಿಡಿದಾಗ ಅದರ ಉದ್ದ ಐದೂವರೆ ಅಡಿ ಮಾತ್ರ. ನಮ್ಮ ಅಳಿಯ ಅದರಲ್ಲಿ ಕಾಲು ಚಾಚಿ ಮಲಗುವಂತಿರಲಿಲ್ಲ. ಕಪಾಟಿಗೆ ಬಾಗಿಲುಗಳೂ ಇರಲಿಲ್ಲ; ಬಾಗಿಲು ಇಟ್ಟು ತೆರೆದರೆ ಮಂಚಕ್ಕೆ ತಾಗುತ್ತಿತ್ತು. ತಮ್ಮ ಮನೆಯ ಮಂಚ, ಕಪಾಟು, ಊಟದ ಮೇಜುಗಳ ಅಳತೆಯನ್ನು ಬರೆದುಕೊಂಡು ಹೋಗಿ, ನಕ್ಷೆಯ ಮೇಲೆ ಅವುಗಳನ್ನು ಇಟ್ಟು ನೋಡಿದರೆ ಈ ಬಗೆಯ ಮೋಸ ತಾನಾಗಿ ಬಯಲಾಗುತ್ತದೆ.

ಮನೆಯೊಳಗೆ ಕಾಲಿಡುವ ದಿನದವರೆಗಿನ ಖರ್ಚು

ಬೆಲೆ ಎಂದರೆ ಮಾರುವವರಿಗೆ ಕೊಡುವ ಹಣ ಮಾತ್ರ ಎಂದು ತಿಳಿದರೆ ಹೋಲಿಕೆ ತಪ್ಪುತ್ತದೆ. ಕರ್ನಾಟಕದಲ್ಲಿ 45 ಲಕ್ಷಕ್ಕಿಂತ ಹೆಚ್ಚಿನ ಬೆಲೆಗೆ ಮುದ್ರಾಂಕ ಶುಲ್ಕ ಶೇ. 5, ಆ ಶುಲ್ಕದ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕ ಶೇ. 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿದೆ. ಒಟ್ಟು ಶೇ. 7.6. ನಮ್ಮ ಕೇರಳದಲ್ಲಿ ಮುದ್ರಾಂಕಕ್ಕೆ ಶೇ. 8, ನೋಂದಣಿಗೆ ಶೇ. 2 ಕೊಟ್ಟು ಅಭ್ಯಾಸವಾದವರಿಗೆ ಇದು ಕಡಿಮೆಯೆನಿಸಬಹುದು. ಆದರೆ ಈ ಹಣಕ್ಕೆ ಬ್ಯಾಂಕ್ ಸಾಲ ಸಿಗುವುದಿಲ್ಲ, ಕೈಯಿಂದಲೇ ಹೊಂದಿಸಬೇಕು ಎಂಬುದನ್ನು ಮರೆಯಬಾರದು. ಕಟ್ಟುತ್ತಿರುವ ಫ್ಲ್ಯಾಟಿಗೆ ಇದಲ್ಲದೆ ಬೆಲೆಯ ಶೇ. 5 ಜಿಎಸ್‌ಟಿ ಇದೆ. ಬೆಂಗಳೂರಿನಂತಹ ಮಹಾನಗರದಲ್ಲಿ 60 ಚದರ ಮೀಟರ್ ಕಾರ್ಪೆಟ್ ಮತ್ತು 45 ಲಕ್ಷದ ಮಿತಿಯೊಳಗಿನ ಮನೆಗೆ ಮಾತ್ರ ಅದು ಶೇ. 1. ಕಟ್ಟಿ ಮುಗಿದು ಪೂರ್ಣಗೊಂಡ ಪ್ರಮಾಣಪತ್ರ ದೊರೆತ ಬಳಿಕ ಮಾರುವ ಮನೆಗಾಗಲಿ, ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಹೋಗುವ ಹಳೆಯ ಮನೆಗಾಗಲಿ ಜಿಎಸ್‌ಟಿ ಇಲ್ಲ.

ಹಳೆಯ ಫ್ಲ್ಯಾಟಿನ ಬೆಲೆ 86 ಲಕ್ಷ. ಮುದ್ರಾಂಕ ಮತ್ತು ನೋಂದಣಿಗೆ 6 ಲಕ್ಷ 54 ಸಾವಿರ. ಸ್ನಾನದ ಕೋಣೆಗಳ ಪೈಪು, ಅಡುಗೆಮನೆಯ ಕಟ್ಟೆ, ಬಣ್ಣ, ವಿದ್ಯುತ್ ತಂತಿಗಳ ಬದಲಾವಣೆಗೆ 5 ಲಕ್ಷ. ಎಲ್ಲ ಸೇರಿ 97 ಲಕ್ಷ 54 ಸಾವಿರ. ಹೊಸದಕ್ಕೆ 90 ಲಕ್ಷದ ಜೊತೆಗೆ ಕಾರು ನಿಲ್ಲಿಸುವ ಜಾಗ, ಮೇಲಿನ ಮಹಡಿ, ಕ್ಲಬ್ ಹೌಸ್ ಎಂದು 5 ಲಕ್ಷ ಬೇರೆ ಇತ್ತು. ಆ 95 ಲಕ್ಷಕ್ಕೆ ಜಿಎಸ್‌ಟಿ 4 ಲಕ್ಷ 75 ಸಾವಿರ, ಮುದ್ರಾಂಕ ಮತ್ತು ನೋಂದಣಿಗೆ 7 ಲಕ್ಷ 22 ಸಾವಿರ, ನಿರ್ವಹಣೆಯ ಮುಂಗಡ 1 ಲಕ್ಷ, ಬರಿಯ ಗೋಡೆಗಳ ಮನೆಗೆ ಕಪಾಟು, ಅಡುಗೆಕಟ್ಟೆ, ಫ್ಯಾನುಗಳಿಗೆ 6 ಲಕ್ಷ. ಮನೆ ಕೈಗೆ ಬರಲು ಎರಡೂವರೆ ವರ್ಷ ಇದ್ದುದರಿಂದ ತಿಂಗಳಿಗೆ 24,000ದಂತೆ ಮೂವತ್ತು ತಿಂಗಳ ಬಾಡಿಗೆ 7 ಲಕ್ಷ 20 ಸಾವಿರ. ಒಟ್ಟು 1 ಕೋಟಿ 21 ಲಕ್ಷ 17 ಸಾವಿರ. ಬ್ಯಾಂಕು ಹಂತ ಹಂತವಾಗಿ ಬಿಡುಗಡೆ ಮಾಡುವ ಸಾಲಕ್ಕೆ ಆ ಅವಧಿಯಲ್ಲಿ ಕಟ್ಟುವ ಬಡ್ಡಿಯನ್ನು ನಾನು ಇದರಲ್ಲಿ ಸೇರಿಸಿಲ್ಲ.

ಈಗ ಕಾರ್ಪೆಟ್ ಅಳತೆಯಿಂದ ಭಾಗಿಸಿದರೆ ಹಳೆಯದು ಚದರ ಅಡಿಗೆ ಸುಮಾರು 10,800 ರೂಪಾಯಿ, ಹೊಸದು ಸುಮಾರು 14,100. ತೊಂಬತ್ತು ರೂಪಾಯಿ ಅಗ್ಗವೆಂದು ಕಂಡ ಮನೆ ಮೂರು ಸಾವಿರದ ಮುನ್ನೂರು ರೂಪಾಯಿ ದುಬಾರಿಯಾಗಿತ್ತು. ಪ್ರತಿಯೊಂದು ಕುಟುಂಬಕ್ಕೂ ಈ ಅಂಕಿಗಳು ಬೇರೆ ಬೇರೆಯಾಗಿರುತ್ತವೆ. ಕೆಲವರಿಗೆ ಹೊಸದೇ ಅಗ್ಗವಾಗಿ ಬರಬಹುದು. ಆದರೆ ಈ ಎರಡು ಹೆಜ್ಜೆಗಳನ್ನು, ಅಂದರೆ ಒಳಹೊಕ್ಕುವ ದಿನದವರೆಗಿನ ಪೂರ್ತಿ ಖರ್ಚನ್ನು ಕೂಡಿ ಅದನ್ನು ಕಾರ್ಪೆಟ್ ಅಳತೆಯಿಂದ ಭಾಗಿಸುವುದನ್ನು, ಮಾಡದೆ ಯಾರೂ ಮುಂಗಡದ ಚೆಕ್ ಬರೆಯಬಾರದು ಎಂದು ಕೈಮುಗಿದು ಹೇಳುತ್ತೇನೆ.

ತಿಂಗಳ ನಿರ್ವಹಣೆಯ ಹಣದಲ್ಲೂ ಅಂತರವಿದೆ. ಹಳೆಯದಕ್ಕೆ 2,950 ರೂಪಾಯಿ, ಹೊಸದಕ್ಕೆ 6,250. ಇಲ್ಲಿ ಹೊಸದರ ಪರವಾಗಿ ಒಂದು ಮಾತು ಹೇಳಲೇಬೇಕು: ಹದಿನಾರೇ ಮನೆಗಳಿರುವಲ್ಲಿ ಲಿಫ್ಟ್ ಕೆಟ್ಟರೆ, ಗೋಡೆಗೆ ಬಣ್ಣ ಹೊಡೆಸಬೇಕಾದರೆ, ಆ ಹೊರೆ ಹದಿನಾರು ಮನೆಗಳ ಮೇಲೆಯೇ ಬೀಳುತ್ತದೆ. ಆದ್ದರಿಂದ ಹಳೆಯ ಕಟ್ಟಡವಾದರೆ ಅಲ್ಲಿನ ನಿವಾಸಿಗಳ ಸಂಘದ ಮೀಸಲು ನಿಧಿಯಲ್ಲಿ ಎಷ್ಟಿದೆ, ಮಾರುವವರು ಬಾಕಿ ಉಳಿಸಿದ್ದಾರೆಯೇ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬೇಕು.

ನೆಲದ ಪಾಲು

ನಮ್ಮ ಊರಿನವರಿಗೆ ಮನೆಯೆಂದರೆ ಮೊದಲು ನೆಲ, ಆಮೇಲೆ ಗೋಡೆ. ಫ್ಲ್ಯಾಟಿನಲ್ಲಿ ನೆಲ ಕಣ್ಣಿಗೆ ಕಾಣದಿದ್ದರೂ ಕ್ರಯಪತ್ರದಲ್ಲಿ ಇರುತ್ತದೆ. ಅದಕ್ಕೆ ಅವಿಭಾಜಿತ ಪಾಲು ಎನ್ನುತ್ತಾರೆ. ಕಟ್ಟಡಕ್ಕೆ ವಯಸ್ಸಾದಂತೆ ಅದರ ಬೆಲೆ ಇಳಿಯುತ್ತದೆ, ಮುಂದೊಂದು ದಿನ ಕೆಡವಿ ಕಟ್ಟುವುದಾದರೆ ಎಲ್ಲರಿಗೂ ಉಳಿಯುವುದು ಈ ಪಾಲು. ಹಳೆಯ ಫ್ಲ್ಯಾಟಿನ ಪಾಲು 500 ಚದರ ಅಡಿ, ಹೊಸದರದ್ದು 290. ಒಂದು ಸೆಂಟ್ಸ್ ಎಂದರೆ 435.6 ಚದರ ಅಡಿಯಾದ್ದರಿಂದ ನಮ್ಮ ಲೆಕ್ಕದಲ್ಲಿ ಮೊದಲನೆಯದು ಒಂದೂಕಾಲು ಸೆಂಟ್ಸ್‌ಗೆ ಸ್ವಲ್ಪ ಕಡಿಮೆ, ಎರಡನೆಯದು ಮುಕ್ಕಾಲು ಸೆಂಟ್ಸ್ ಕೂಡ ಇಲ್ಲ. ಬಾಯಿಮಾತಿನ ಅಂಕಿಯನ್ನು ನಂಬದೆ, ಕ್ರಯಪತ್ರದ ಕರಡಿನಲ್ಲಿ ಅದನ್ನು ಬರೆದಿದ್ದಾರೆಯೇ ಎಂದು ನೋಡಬೇಕು.

ಕಾಗದಪತ್ರ

ನಾನು ಅತಿ ಹೆಚ್ಚು ಸಮಯ ಕೊಟ್ಟದ್ದು ಇದಕ್ಕೆ. ಕಾಸರಗೋಡಿನಲ್ಲಿ ಜಾಗದ ಆಧಾರವೂ (ಹಕ್ಕಿನ ಪತ್ರ) ತಂಡಪ್ಪೇರಿನ (ಗ್ರಾಮ ಕಚೇರಿಯ ಭೂಖಾತೆಯ) ಕಾಗದಗಳೂ ಮಲಯಾಳದಲ್ಲಿದ್ದು, ನಮ್ಮದೇ ನೆಲದ ಕಾಗದವನ್ನು ಇನ್ನೊಬ್ಬರ ಕೈಯಲ್ಲಿ ಓದಿಸಿಕೊಳ್ಳಬೇಕಾದ ಕಷ್ಟವನ್ನು ನಮ್ಮಲ್ಲಿ ಅನೇಕರು ಅನುಭವಿಸಿದ್ದಾರೆ. ಬೆಂಗಳೂರಿನಲ್ಲಿ ಖಾತೆಯೂ (ಆಸ್ತಿಯ ಬಗ್ಗೆ ಪಾಲಿಕೆ ಇಡುವ ತೆರಿಗೆ ದಾಖಲೆ) ಋಣಭಾರ ಪತ್ರವೂ (ಆಸ್ತಿಯ ಮೇಲಿನ ಸಾಲ, ವ್ಯವಹಾರಗಳ ಪಟ್ಟಿ) ಕನ್ನಡದಲ್ಲಿ ಸಿಗುತ್ತವೆ. ನಾವು ಊರಿನಲ್ಲಿ ಬಾಧ್ಯತಾ ಸರ್ಟಿಫಿಕೇಟ್ ಎನ್ನುವುದೇ ಅಲ್ಲಿ ಋಣಭಾರ ಪತ್ರ. ವಕೀಲರಿಗೆ ತೋರಿಸುವುದು ಅಗತ್ಯವೇ. ಆದರೆ ಅದಕ್ಕೆ ಮೊದಲು ನಾವೇ ಕುಳಿತು ಓದುವ ಅವಕಾಶ ಇರುವಾಗ ಅದನ್ನು ಬಿಡಬಾರದು. ನಾನು ಋಣಭಾರ ಪತ್ರವನ್ನು ಸಾಲು ಸಾಲಾಗಿ ಓದಿದಾಗ, ಮಾರುವವರು ಹಿಂದೆ ತೆಗೆದ ಗೃಹಸಾಲದ ಅಡಮಾನ ದಾಖಲಾಗಿದ್ದು, ಅದು ತೀರಿದ ದಾಖಲೆ ಮಾತ್ರ ಇರಲಿಲ್ಲ. ಸಾಲ ತೀರಿ ನಾಲ್ಕು ವರ್ಷವಾಗಿತ್ತು, ಬಿಡುಗಡೆ ಪತ್ರವನ್ನು ನೋಂದಾಯಿಸಿರಲಿಲ್ಲ. ಅವರು ಸಜ್ಜನರು, ಹದಿನೈದು ದಿನಗಳಲ್ಲಿ ಅದನ್ನು ಸರಿಪಡಿಸಿಕೊಟ್ಟರು.

ಹಳೆಯ ಕಟ್ಟಡಗಳಲ್ಲಿ ಮುಖ್ಯವಾಗಿ ಕೇಳಬೇಕಾದದ್ದು ಸ್ವಾಧೀನಾನುಭವ ಪತ್ರ, ಅಂದರೆ ಒಸಿ. ಮಂಜೂರಾದ ನಕ್ಷೆಯಂತೆಯೇ ಕಟ್ಟಡ ಎದ್ದಿದೆ, ವಾಸಕ್ಕೆ ಯೋಗ್ಯವಾಗಿದೆ ಎಂದು ಪಾಲಿಕೆ ಕೊಡುವ ಪತ್ರ ಅದು. ಬೆಂಗಳೂರಿನ ಎಷ್ಟೋ ಕಟ್ಟಡಗಳಿಗೆ ಅದು ಇಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಈ ಪತ್ರ ಇಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು, ಬ್ಯಾಂಕುಗಳು ಅದನ್ನು ಪರಿಶೀಲಿಸಿಯೇ ಸಾಲ ಕೊಡಬೇಕು ಎಂದು ನಿರ್ದೇಶಿಸಿದ ಬಳಿಕ ಇದರ ಮಹತ್ವ ಇನ್ನೂ ಹೆಚ್ಚಿದೆ. ಜೆ.ಪಿ. ನಗರದ ಕಟ್ಟಡದಲ್ಲಿ ಕೇಳಿದಾಗ, “ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ ಸರ್” ಎಂಬ ಉತ್ತರ ಬಂತು. ಅದು ಸಿಗದಿದ್ದರೆ ಬೇಡವೇ ಬೇಡ ಎಂದು ನಾನು ಮಗಳಿಗೆ ಹೇಳಿಬಿಟ್ಟೆ. ಮೂರು ವಾರಗಳ ನಂತರ ಸಂಘದ ಮೊದಲ ಕಾರ್ಯದರ್ಶಿಯವರ ಮನೆಯಲ್ಲಿದ್ದ ಹಳೆಯ ಕಡತದಲ್ಲಿ ಅದರ ಪ್ರತಿ ದೊರೆಯಿತು.

ಖಾತೆಯಲ್ಲಿ ಎ ಮತ್ತು ಬಿ ಎಂಬ ಎರಡು ಬಗೆ ಇವೆ. ಬಿ ಖಾತೆ ಎಂದರೆ ತೆರಿಗೆ ಕಟ್ಟಲು ಪ್ರತ್ಯೇಕ ವಹಿಯಲ್ಲಿ ಬರೆದುಕೊಂಡದ್ದು. ಅದರ ಮೇಲೆ ಸಾಲ ಸಿಗುವುದೂ ಮುಂದೆ ಮಾರುವುದೂ ಕಷ್ಟ. 2024ರಿಂದ ನೋಂದಣಿಗೆ ಇ-ಖಾತಾ, ಅಂದರೆ ಖಾತೆಯ ಡಿಜಿಟಲ್ ರೂಪ, ಕಡ್ಡಾಯವಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ (ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ) ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ಪಾಲಿಕೆಗಳೂ ಬಂದಿರುವುದರಿಂದ, ತಮ್ಮ ಮನೆ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನೂ ತಿಳಿದುಕೊಂಡಿರಬೇಕು.

ಹೊಸ ಸಮುಚ್ಚಯದ ಕಾಗದಗಳು ಈ ದೃಷ್ಟಿಯಿಂದ ಹೆಚ್ಚು ಅಚ್ಚುಕಟ್ಟಾಗಿದ್ದವು. ರೇರಾದಲ್ಲಿ ನೋಂದಣಿಯಾಗಿರುವ ಯೋಜನೆಯ ನಕ್ಷೆ, ಅನುಮತಿಗಳು, ಕೆಲಸದ ಪ್ರಗತಿ ಎಲ್ಲವನ್ನೂ ಕರ್ನಾಟಕ ರೇರಾದ ಜಾಲತಾಣದಲ್ಲಿ ನೋಡಬಹುದು. ಖರೀದಿದಾರರಿಂದ ಬಂದ ಹಣದ ಶೇ. 70 ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು. ಮಾರಾಟದ ಕರಾರು ನೋಂದಾಯಿಸುವ ಮೊದಲು ಶೇ. 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಉಚಿತವಾಗಿ ಸರಿಪಡಿಸಬೇಕು. ತಡವಾದರೆ ಬಡ್ಡಿ ಕೊಡಬೇಕು. ಇವು ಹಳೆಯ ಮನೆ ಕೊಳ್ಳುವವರಿಗೆ ಇಲ್ಲದ ರಕ್ಷಣೆಗಳು. ಆದರೆ ಮಾರಾಟದ ಹುಡುಗ “ಒಂದೂವರೆ ವರ್ಷ” ಎಂದದ್ದು ರೇರಾದ ದಾಖಲೆಯಲ್ಲಿ ಎರಡೂವರೆ ವರ್ಷವಾಗಿತ್ತು. ಮೇಲಿನ ಲೆಕ್ಕದಲ್ಲಿ ನಾನು ದಾಖಲೆಯ ದಿನಾಂಕವನ್ನೇ ಹಿಡಿದಿದ್ದೇನೆ.

ನೀರು

ಗುಡ್ಡಕ್ಕೆ ಕೊರೆದ ಸುರಂಗದಿಂದ ಬೇಸಗೆಯಲ್ಲೂ ತಣ್ಣನೆ ನೀರು ಹರಿದು ಬರುವ ಮನೆಯಲ್ಲಿ ಬೆಳೆದ ನಮಗೆ, ನೀರನ್ನು ಲಾರಿಯಲ್ಲಿ ತರಿಸಿ ಕುಡಿಯುವುದನ್ನು ಊಹಿಸುವುದೂ ಕಷ್ಟ. ಬೆಂಗಳೂರಿನಲ್ಲಿ 2024ರ ಬೇಸಗೆಯಲ್ಲಿ ಎಷ್ಟೋ ಸಮುಚ್ಚಯಗಳು ಟ್ಯಾಂಕರ್ ನೀರನ್ನೇ ನಂಬಿ ಬದುಕಿದವು. ನಗರಕ್ಕೆ ಕಾವೇರಿ ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಪಂಪು ಮಾಡಿ ಮೇಲೆತ್ತಿ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೆಯ ಹಂತ 2024ರ ಅಕ್ಟೋಬರ್‌ನಲ್ಲಿ ಆರಂಭವಾಯಿತು, ದಿನಕ್ಕೆ 77.5 ಕೋಟಿ ಲೀಟರ್ ಅದರ ಸಾಮರ್ಥ್ಯ. ಆದರೂ ಕೊಳವೆ ರಸ್ತೆಯವರೆಗೆ ಬಂದಿರುವುದು ಬೇರೆ, ಕಟ್ಟಡದ ಸಂಪ್‌ಗೆ (ನೆಲದಡಿಯ ನೀರಿನ ತೊಟ್ಟಿಗೆ) ನೀರು ಬೀಳುವುದು ಬೇರೆ.

ಹಳೆಯ ಕಟ್ಟಡದಲ್ಲಿ ನಾನು ಮೊದಲು ಹೋಗಿದ್ದು ಸ್ನಾನದ ಕೋಣೆಗೆ. ಶವರಿನ ತೂತುಗಳಲ್ಲಿ ಸುಣ್ಣದಂತಹ ಬಿಳಿ ಗಟ್ಟಿ ಕಟ್ಟಿತ್ತು, ಬಕೆಟಿನ ಒಳಬದಿಯಲ್ಲಿ ನೀರು ನಿಲ್ಲುವ ಎತ್ತರಕ್ಕೆ ಬಿಳಿಯ ಗೆರೆ ಇತ್ತು. ಕೊಳವೆಬಾವಿಯ ಗಡಸು ನೀರಿನ ಗುರುತು ಅದು. ಅಡುಗೆಮನೆಯ ಒಂದು ನಲ್ಲಿ ಮಾತ್ರ ಸ್ವಚ್ಛವಾಗಿತ್ತು. ಅದಕ್ಕೆ ಕಾವೇರಿಯ ಸಂಪರ್ಕ. ಕಾವಲುಗಾರರ ಜೊತೆ ಕೆಳಗಿಳಿದು ಸಂಪಿನ ಮುಚ್ಚಳ ತೆಗೆಸಿ ನೋಡಿದೆ, ಜಲಮಂಡಳಿಯ ಎರಡು ವರ್ಷದ ಬಿಲ್ಲುಗಳನ್ನು ಸಂಘದವರಿಂದ ಕೇಳಿ ಪಡೆದೆ. ದಿನ ಬಿಟ್ಟು ದಿನ ನೀರು ಬರುತ್ತದೆ, ಬೇಸಗೆಯಲ್ಲಿ ಕೆಲವು ಟ್ಯಾಂಕರ್ ತರಿಸಿದ್ದಾರೆ ಎಂಬುದು ಅವುಗಳಿಂದ ತಿಳಿಯಿತು. ಹೊಸದರಲ್ಲಿ “ಕಾವೇರಿ ಬರುತ್ತದೆ” ಎಂಬ ಭರವಸೆ ಇತ್ತೇ ಹೊರತು ಕರಾರಿನಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಲ್ಲ. ಪಕ್ಕದ, ಈಗಾಗಲೇ ಜನ ವಾಸವಿರುವ ಸಮುಚ್ಚಯದ ಗೇಟಿನ ಬಳಿ ಬೆಳಗಿನ ಜಾವ ನಿಂತಾಗ, ಒಂದು ಗಂಟೆಯಲ್ಲಿ ಐದು ಟ್ಯಾಂಕರ್ ಒಳಗೆ ಹೋದವು. ಯಾರ ಮಾತಿಗಿಂತಲೂ ಅದು ನನಗೆ ಹೆಚ್ಚಿನ ಮಾಹಿತಿ ಕೊಟ್ಟಿತು.

ಸೋರಿಕೆಯ ವಿಷಯವನ್ನು ಮಳೆಗಾಲದ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಮಳೆ ಬಂದ ಮರುದಿನ ಹೋಗಿ ಛಾವಣಿಯ ಮೂಲೆ, ಕಿಟಕಿಯ ಕೆಳಭಾಗ ಮತ್ತು ಸ್ನಾನದ ಕೋಣೆಯ ಹೊರಗೋಡೆಯನ್ನು ಕೈಯಿಂದ ಮುಟ್ಟಿ ನೋಡಿದರೆ ಸಾಕು.

ಊರಿನಿಂದ ಬರುವ ದಾರಿ

ಕಣ್ಣೂರಿನಿಂದ ಮಂಗಳೂರು, ಹಾಸನದ ಮೂಲಕ ಬರುವ ರಾತ್ರಿ ರೈಲಿನಲ್ಲಿ ಕಾಸರಗೋಡಿನಲ್ಲಿ ಹತ್ತಿದವರು ಬೆಳಿಗ್ಗೆ ಮೆಜೆಸ್ಟಿಕ್‌ನ ರೈಲು ನಿಲ್ದಾಣದಲ್ಲಿ ಇಳಿಯುತ್ತಾರೆ. ಅಲ್ಲಿಂದ ಹಸಿರು ಮಾರ್ಗದ ಮೆಟ್ರೊ ಬದಲಾವಣೆಯಿಲ್ಲದೆ ಯಲಚೇನಹಳ್ಳಿಗೂ, 2021ರ ವಿಸ್ತರಣೆಯ ಬಳಿಕ ತಲಘಟ್ಟಪುರ ದಾಟಿ ರೇಷ್ಮೆ ಸಂಸ್ಥೆಯವರೆಗೂ ಹೋಗುತ್ತದೆ. ಹಾಗಾಗಿ ಎರಡೂ ಮನೆಗಳು ಒಂದೇ ದಾರಿಯಲ್ಲಿವೆ. ವ್ಯತ್ಯಾಸ ಇರುವುದು ಕೊನೆಯ ತುಂಡಿನಲ್ಲಿ. ತೆಂಗಿನಕಾಯಿ, ಹಲಸಿನ ಹಪ್ಪಳದ ಚೀಲ ಹಿಡಿದು ಬರುವ ಅರುವತ್ತೈದು ದಾಟಿದ ನನ್ನಂತಹವರಿಗೆ ಹದಿನೈದು ನಿಮಿಷದ ನಡಿಗೆ ಸಾಧ್ಯ. ಬೀದಿದೀಪವಿಲ್ಲದ ಮೂರು ಕಿಲೋಮೀಟರ್‌ಗೆ ಆಟೋ ಹುಡುಕಬೇಕು. ಮಗಳ ಕಚೇರಿಗೆ ಹೋಗುವ ಹೊತ್ತಿನಲ್ಲಿ ಎರಡೂ ಕಡೆಯಿಂದ ಒಮ್ಮೊಮ್ಮೆ ಹೊರಟು ಗಡಿಯಾರ ನೋಡಿದೆವು. ಹೊಸ ಮನೆಯಿಂದ ದಿನಕ್ಕೆ ಹೋಗಿಬರಲು ಐವತ್ತು ನಿಮಿಷ ಹೆಚ್ಚು ಬೇಕು.

ಹಣದ ಮೂಲ

ಸಾಲದ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಗೃಹಸಾಲ ಮನೆಯ ಬೆಲೆಯ ಶೇ. 80ರಷ್ಟನ್ನು ಮೀರುವಂತಿಲ್ಲ, ಅದಕ್ಕಿಂತ ಹೆಚ್ಚಿನ ಸಾಲವಾದರೆ ಶೇ. 75. ಉಳಿದದ್ದೂ ನೋಂದಣಿಯ ಖರ್ಚೂ ನಮ್ಮದೇ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಕೊಳ್ಳುವವರು ಶೇ. 1 ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟಬೇಕು. ಮಾರುವವರು ಗಲ್ಫಿನಲ್ಲೋ ಬೇರೆಲ್ಲೋ ಇರುವ ಅನಿವಾಸಿಯಾದರೆ ಈ ಶೇ. 1ರ ನಿಯಮ ಅನ್ವಯಿಸುವುದಿಲ್ಲ, ಹಿಡಿಯಬೇಕಾದ ತೆರಿಗೆ ಬಹಳ ಹೆಚ್ಚು; ಅದನ್ನು ಮುಂಚಿತವಾಗಿ ಲೆಕ್ಕ ಪರಿಶೋಧಕರಲ್ಲಿ ಕೇಳಬೇಕು.

ಊರಿನ ಜಾಗ ಮಾರಿ ಹಣ ಹಾಕುವವರಿಗೆ ಇನ್ನೊಂದು ವಿಚಾರವಿದೆ. ಗ್ರಾಮೀಣ ಪ್ರದೇಶದ ಕೃಷಿಭೂಮಿ ಮಾರಿದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಆದರೆ ನಗರಸಭೆಯ ಒಳಗಿನ ಅಥವಾ ಅದಕ್ಕೆ ತೀರ ಸಮೀಪದ ಜಾಗಕ್ಕೆ ಇದೆ. ಆ ಹಣವನ್ನು ವಾಸದ ಮನೆಗೆ ಹಾಕಿದರೆ ವಿನಾಯಿತಿ ಸಿಗುತ್ತದೆ: ಸಿದ್ಧ ಮನೆಯನ್ನು ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟಿಸುವುದಾದರೆ ಮೂರು ವರ್ಷದೊಳಗೆ ಮುಗಿಯಬೇಕು. ಕಟ್ಟುತ್ತಿರುವ ಫ್ಲ್ಯಾಟು ತಡವಾದರೆ ಇಲ್ಲಿ ತೊಡಕಾಗಬಹುದು. ಮನೆ ಯಾರ ಹೆಸರಿನಲ್ಲಿ ಎಂಬುದೂ ಮುಖ್ಯ. ಜಾಗ ಅಪ್ಪನದು, ಫ್ಲ್ಯಾಟ್ ಮಗಳ ಹೆಸರಿಗೆ ಎಂದಾದರೆ ವಿನಾಯಿತಿಯನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ನಾವು ಜೆ.ಪಿ. ನಗರದ ಹಳೆಯ ಫ್ಲ್ಯಾಟನ್ನೇ ಕೊಂಡೆವು. ಒಸಿ ಸಿಗದೆ ಹೋಗಿದ್ದರೆ ನಮ್ಮ ತೀರ್ಮಾನ ಬೇರೆಯಾಗುತ್ತಿತ್ತು. ಹೊಸದನ್ನೂ ಬಿಟ್ಟು ಹುಡುಕಾಟ ಮುಂದುವರಿಸುತ್ತಿದ್ದೆವು. ಹೊಸದಾಗಿ ಮದುವೆಯಾದ, ಬಾಡಿಗೆಯ ಹೊರೆ ಇಲ್ಲದ, ಮೂರು ವರ್ಷ ಕಾಯಬಲ್ಲ ಜೋಡಿಗೆ ಕನಕಪುರ ರಸ್ತೆಯ ಮನೆಯನ್ನು ನಾನು ಬೇಡವೆನ್ನುತ್ತಿರಲಿಲ್ಲ, ಕಾವೇರಿ ಸಂಪರ್ಕದ ಮಾತನ್ನು ಕರಾರಿನಲ್ಲಿ ಬರೆಸಿಕೊಂಡರೆ. ಮೊಮ್ಮಗಳು ಮುಂದಿನ ವರ್ಷ ಶಾಲೆಗೆ ಸೇರುವವಳು, ಅವಳ ಅಜ್ಜಿಗೆ ಮಂಡಿನೋವು, ತಿಂಗಳ ಕಂತಿನ ಜೊತೆ ಬಾಡಿಗೆಯನ್ನೂ ಕಟ್ಟುವ ಶಕ್ತಿ ಅವರಿಬ್ಬರಿಗೆ ಇರಲಿಲ್ಲ. ನೋಂದಣಿಯ ದಿನ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕ್ರಯಪತ್ರದ ಅನುಸೂಚಿಯನ್ನು ಇನ್ನೊಮ್ಮೆ ಓದಿ, 500 ಚದರ ಅಡಿ ಎಂಬುದನ್ನು ಅಂಕಿಯಲ್ಲೂ ಅಕ್ಷರದಲ್ಲೂ ನೋಡಿದ ಮೇಲೆ, ಮಗಳಿಗೆ ಸಹಿ ಹಾಕಲು ಹೇಳಿದೆ. ಖಾತೆ ಮತ್ತು ವಿದ್ಯುತ್ ಮೀಟರ್ ಅವಳ ಹೆಸರಿಗೆ ಬದಲಾಗುವುದು ಇನ್ನೂ ಬಾಕಿ ಇದೆ, ಅರ್ಜಿ ಕೊಟ್ಟಾಗಿದೆ.